ಹದಿನಾರು ಕಾಲಿನ ಐಸಿ ಮತ್ತು ನನ್ನ ಆತುರ

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಕ್ಕನ ಮಗ ಹಟ ಹಿಡಿದು ಕೊಡಿಸಿಕೊಂಡ ರಿಮೋಟ್ ಕಾರು, ಮನೆಗೆ ಬಂದ ಮೂರನೆಯ ದಿನಕ್ಕೇ ಅವನಿಗೆ ಬೇಸರ ತರಿಸಿತ್ತು. ಕಾರು ಕೆಟ್ಟಿರಲಿಲ್ಲ, ತನಗೆ ಗೊತ್ತಿದ್ದ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ಗುಂಡಿ ಒತ್ತಿದರೆ ಪೂರ್ತಿ ವೇಗದಲ್ಲಿ ನುಗ್ಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು, ಎಡಕ್ಕೆ ಒತ್ತಿದರೆ ಮುಂದಿನ ಚಕ್ರಗಳು ಪೂರ್ತಿ ಎಡಕ್ಕೆ, ಬಲಕ್ಕೆ ಒತ್ತಿದರೆ ಪೂರ್ತಿ ಬಲಕ್ಕೆ ತಿರುಗುತ್ತಿದ್ದವು. ನಡುವಿನದೆಂಬುದು ಅದಕ್ಕೆ ಗೊತ್ತಿರಲಿಲ್ಲ. ಹುಡುಗನಿಗಾದರೋ ಕಾರಿನ ತಲೆಯ ಮೇಲೆ ಒಂದೊಂದೇ ಕಡಲೆಕಾಯಿ ಇಟ್ಟು, ಹಜಾರದಿಂದ ಅಡುಗೆಮನೆಯಲ್ಲಿದ್ದ ಅಜ್ಜಿಗೆ ಕಳಿಸಿಕೊಡಬೇಕಿತ್ತು. ಪ್ರತಿ ಸಲವೂ ಕಾರು ಹೊರಟ ರಭಸಕ್ಕೆ ಕಾಯಿ ಹಿಂದಕ್ಕೆ ಉರುಳಿ ಬೀಳುತ್ತಿತ್ತು. "ಮಾಮಾ, ಇದಕ್ಕೆ ನಿಧಾನಕ್ಕೆ ಹೋಗೋಕೆ ಬರೋದೇ ಇಲ್ವಾ?" ಎಂದು ಅವನು ಕೇಳಿದಾಗ, "ಬರೋ ಹಾಗೆ ಮಾಡೋಣ, ಅದೇನು ಮಹಾ" ಎಂದುಬಿಟ್ಟೆ.

ನಾನು ವೃತ್ತಿಯಿಂದ ಲೆಕ್ಕಪತ್ರ ನೋಡುವವನು. ಎಲೆಕ್ಟ್ರಾನಿಕ್ಸ್ ನನ್ನ ಭಾನುವಾರದ ಚಟ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಇತ್ತೀಚಿನ ಕೆಲವು ವರ್ಷಗಳಲ್ಲಿ ಮೈಕ್ರೊಕಂಟ್ರೋಲರಿಗೆ, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿಗೆ, ನಾಲ್ಕು ಸಾಲು ಪ್ರೋಗ್ರಾಂ ಬರೆಯಲೂ ಕಲಿತಿದ್ದೇನೆ. ಇಷ್ಟು ಬಂದವನಿಗೆ ಆಟಿಕೆಯ ಬೋರ್ಡೆಂದರೆ ಒಂದು ಬಗೆಯ ತಾತ್ಸಾರ ಇರುತ್ತದೆ. ನಾನೂರೈವತ್ತು ರೂಪಾಯಿಯ ಕಾರಿನಲ್ಲಿ ಇನ್ನೇನಿದ್ದೀತು ಎಂಬ ಭಾವದಲ್ಲಿಯೇ ಅದರ ಹೊಟ್ಟೆಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದೆ.

ಒಳಗೆ ಬೆಂಕಿಪೊಟ್ಟಣದಷ್ಟಗಲದ ಹಸಿರು ಬೋರ್ಡು. ಒಂದು ಬದಿಗೆ ತಾಮ್ರದ ತಂತಿ ಸುತ್ತಿದ ಸಣ್ಣ ಕಾಯಿಲು ಮತ್ತು ಒಂಟಿ ಟ್ರಾನ್ಸಿಸ್ಟರು, ನಡುವೆ ಐಸಿ ಎಂಬ ಹದಿನಾರು ಕಾಲಿನ ಒಂದು ಚಿಪ್ಪು, ಇನ್ನೊಂದು ಬದಿಗೆ ಸಾಲಾಗಿ ನಿಂತ ಹನ್ನೆರಡು ಟ್ರಾನ್ಸಿಸ್ಟರುಗಳು. ಹಿಂದಿನ ಚಕ್ರಕ್ಕೊಂದು, ಮುಂದಿನ ಚಕ್ರ ತಿರುಗಿಸುವುದಕ್ಕೊಂದು ಮೋಟಾರು. ನಾಲ್ಕು ಸೆಲ್ಲಿನ ಡಬ್ಬಿ. ರಿಮೋಟಿನೊಳಗೆ ಇನ್ನೂ ಕಡಿಮೆ: 27.145 ಎಂದು ಮುದ್ರಿಸಿದ ಕ್ರಿಸ್ಟಲ್ಲು, ಹದಿನಾಲ್ಕು ಕಾಲಿನ ಐಸಿ, ಎರಡು ಟ್ರಾನ್ಸಿಸ್ಟರು. ಆ ಸಂಖ್ಯೆ ಮೆಗಾಹರ್ಟ್ಸ್‌ನಲ್ಲಿ ಪ್ರಸಾರದ ಆವರ್ತನ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳು ಪರವಾನಗಿಯಿಲ್ಲದೆ ಬಳಸಬಹುದೆಂದು ನಿಯಮ ಹೇಳುತ್ತದೆ. ಪರಿಷೆಯ ಕಾರು ಅದರೊಳಗೇ ಓಡಾಡುತ್ತದೆ. ಕಾರಿನ ಬದಿಯಲ್ಲಿ ಕೇಳಿಸಿಕೊಳ್ಳುವ ಕಿವಿ ಆ ಒಂಟಿ ಟ್ರಾನ್ಸಿಸ್ಟರು. ಇದು ಸೂಪರ್‌ರೀಜನರೇಟಿವ್ ಎಂಬ ಬಗೆಯ ರಿಸೀವರು, 1922ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದದ್ದು. ಟ್ರಾನ್ಸಿಸ್ಟರನ್ನು ತಾನೇ ಕಂಪಿಸುವ ಅಂಚಿಗೆ ತಂದು, ಮತ್ತೆ ಅಡಗಿಸಿ, ಮತ್ತೆ ಅಂಚಿಗೆ ತರುತ್ತ ಸೆಕೆಂಡಿಗೆ ಸಾವಿರಾರು ಸಲ ಆಡಿಸುವುದರಿಂದ, ಸಣ್ಣ ಸಂಕೇತವೂ ಒಂದೇ ಹಂತದಲ್ಲಿ ಬಹುದೊಡ್ಡದಾಗುತ್ತದೆ. ಇದರ ದೋಷವೆಂದರೆ ಪಕ್ಕದ ಆವರ್ತನಗಳನ್ನೂ ಅದು ಕೇಳಿಸಿಕೊಳ್ಳುತ್ತದೆ, ಯಾರೂ ಮಾತಾಡದಿದ್ದಾಗ ಬರೀ ಗದ್ದಲವನ್ನೇ ಹೊರಹಾಕುತ್ತದೆ.

ಐಸಿಯ ಮೇಲೆ ಆರ್‌ಎಕ್ಸ್-2ಬಿ ಎಂದಿತ್ತು, ರಿಮೋಟಿನದರ ಮೇಲೆ ಟಿಎಕ್ಸ್-2ಬಿ. ಅಗ್ಗದ ಆಟಿಕೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಜೋಡಿ ಇದು. ರಿಮೋಟಿನ ಐಸಿಯ ಎಂಟನೆಯ ಕಾಲಿಗೆ ಮಿಡಿತಗಳನ್ನು ಹಿಡಿದು ತೋರಿಸುವ ಲಾಜಿಕ್ ಅನಲೈಸರಿನ ಕೊಕ್ಕೆ ಸಿಕ್ಕಿಸಿ, ಮುಂದಕ್ಕೆ ಹೋಗುವ ಗುಂಡಿ ಒತ್ತಿ ಕಂಪ್ಯೂಟರಿನ ಪರದೆ ನೋಡಿದಾಗ ಗೋಡೆಗಳ ಸಾಲಿನಂತೆ ಮಿಡಿತಗಳು ಮೂಡಿದವು. ಮೊದಲು ನಾಲ್ಕು ಅಗಲವಾದವು, ತಲಾ ಎರಡು ಮಿಲಿಸೆಕೆಂಡ್; ಅವುಗಳ ಬೆನ್ನಿಗೆ ಒಂದೊಂದು ಮಿಲಿಸೆಕೆಂಡಿನ ಸಣ್ಣವು. ಬೆರಳಿಟ್ಟು ಎಣಿಸಿದೆ: ಹತ್ತು. ಹಿಂದಕ್ಕೆ ಒತ್ತಿದರೆ ನಲವತ್ತು, ಎಡಕ್ಕೆ ಐವತ್ತೆಂಟು, ಬಲಕ್ಕೆ ಅರವತ್ತನಾಲ್ಕು. ಗುಂಡಿಯಿಂದ ಬೆರಳು ತೆಗೆದರೆ ನಾಲ್ಕು. ಅದು "ಮುಗಿಯಿತು, ನಿಲ್ಲು" ಎಂಬ ಸಂಕೇತ. ಗದ್ದಲದ ನಡುವೆ ಇದು ಮಾತೇ ಹೊರತು ಸದ್ದಲ್ಲ ಎಂದು ತಿಳಿಸುವುದಕ್ಕೆ ಮೊದಲ ನಾಲ್ಕು ಅಗಲದ ಮಿಡಿತಗಳು, ಅರ್ಥ ತಿಳಿಸುವುದಕ್ಕೆ ಸಣ್ಣವುಗಳ ಎಣಿಕೆ. ಕೂಡಿ ನೋಡಿದರೆ ಬಲಕ್ಕೆ ತಿರುಗೆನ್ನಲು 72 ಮಿಲಿಸೆಕೆಂಡ್ ಬೇಕು, ಮುಂದೆ ಹೋಗೆನ್ನಲು 18 ಸಾಕು, ನಿಲ್ಲೆನ್ನಲು 12 ಮಾತ್ರ. ಬೇಗ ತಲುಪಬೇಕಾದ ಮಾತನ್ನೇ ಎಲ್ಲಕ್ಕಿಂತ ಚಿಕ್ಕದಾಗಿಟ್ಟವರು ಅದನ್ನು ತಿಳಿದೇ ಮಾಡಿದರೆಂದು ನಾನು ಊಹಿಸುತ್ತೇನೆ. ಆ ದಿನ ಈ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಜೋಡಿ ಆಜ್ಞೆಗಳೂ ಸೇರಿ ಹನ್ನೊಂದೇ ಮಾತು ಬಲ್ಲ ಮೂಕ ಐಸಿ ಎಂದುಕೊಂಡು, ಅದನ್ನು ಕಿತ್ತು ಆ ಜಾಗದಲ್ಲಿ ವೈ-ಫೈ ಇರುವ ಮೈಕ್ರೊಕಂಟ್ರೋಲರಾದ ಇಎಸ್‌ಪಿ8266 ಕೂರಿಸುವುದೆಂದು ತೀರ್ಮಾನಿಸಿದೆ.

ಮೊದಲ ಯೋಜನೆ ಸರಳವಾಗಿತ್ತು. ಮೋಟಾರು ಓಡಿಸುವ ಟ್ರಾನ್ಸಿಸ್ಟರುಗಳನ್ನು ಹಾಗೆಯೇ ಉಳಿಸಿಕೊಂಡು, ಐಸಿಯ ಹತ್ತನೆಯ ಮತ್ತು ಹನ್ನೊಂದನೆಯ ಕಾಲುಗಳಿಂದ ಹೊರಡುತ್ತಿದ್ದ ಹಿಂದೆ-ಮುಂದೆ ಎಂಬ ಆಜ್ಞೆಗಳನ್ನು ಇನ್ನು ಮುಂದೆ ಆ ಚಿಪ್ ಕೂತಿರುವ ನನ್ನ ನೋಡ್‌ಎಂಸಿಯು ಬೋರ್ಡಿನಿಂದ ಕೊಡುವುದು. ಮೋಟಾರಿಗೆ ನಾಲ್ಕು ದೊಡ್ಡ ಟ್ರಾನ್ಸಿಸ್ಟರು, ಅವನ್ನು ಎಬ್ಬಿಸಲು ಎರಡು ಸಣ್ಣವು. ಇಂಗ್ಲಿಷ್ ಎಚ್ ಅಕ್ಷರದ ಆಕಾರದಲ್ಲಿ ಜೋಡಿಸುವುದರಿಂದ ಇದಕ್ಕೆ ಎಚ್-ಬ್ರಿಜ್ ಎಂದು ಹೆಸರು. ಒಂದು ಮೂಲೆಯಿಂದ ಎದುರು ಮೂಲೆಗೆ ಕರೆಂಟು ಹರಿದರೆ ಮುಂದಕ್ಕೆ, ಇನ್ನೊಂದು ಮೂಲೆಯಿಂದ ಹರಿದರೆ ಹಿಂದಕ್ಕೆ. ಫೋನಿನಲ್ಲಿ ತೆರೆದುಕೊಳ್ಳುವ ಒಂದು ಪುಟದ ಮೇಲೆ ನಾಲ್ಕು ಗುಂಡಿ ಬರೆದೆ, ಕೆಳಗೊಂದು ವೇಗದ ಪಟ್ಟಿ ಇಟ್ಟೆ. ಭಾನುವಾರ ಸಂಜೆ ಕಾರು ಹಜಾರದಲ್ಲಿ ಆಮೆಯಂತೆ ಹೊರಟಾಗ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಮುಗಿಯುವಷ್ಟರಲ್ಲಿ ಹುಡುಗ ಫೋನು ಕಿತ್ತುಕೊಂಡು, ಎರಡು ಹೆಬ್ಬೆರಳನ್ನೂ ಒಟ್ಟಿಗೆ ಊರಿದ್ದ; ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಪಟ್ ಎಂದಿತು. ಸುಟ್ಟ ಬೇಕಲೈಟಿನಂಥ ಘಾಟು, ಒಂದೆಳೆ ಹೊಗೆ. ಎರಡೂ ಆಜ್ಞೆ ಒಟ್ಟಿಗೆ ಸಿಕ್ಕಿದ್ದರಿಂದ ನಾಲ್ಕೂ ಟ್ರಾನ್ಸಿಸ್ಟರುಗಳು ತೆರೆದುಕೊಂಡು, ಬ್ಯಾಟರಿಯ ಎರಡು ತುದಿಗಳು ಮೋಟಾರಿನ ಹಂಗಿಲ್ಲದೆ ನೇರವಾಗಿ ಕೂಡಿಕೊಂಡಿದ್ದವು. "ನಾನೇನೂ ಮಾಡಿಲ್ಲ ಮಾಮಾ" ಎಂದು ಅವನು ಅಳುಮೋರೆ ಮಾಡಿದ. ನಿಜಕ್ಕೂ ಅವನದೇನೂ ತಪ್ಪಿರಲಿಲ್ಲ. ಹಳೆಯ ರಿಮೋಟಿನಲ್ಲಿ ಹಿಂದೆ-ಮುಂದೆಗೆ ಒಂದೇ ತೂಗುಗುಂಡಿ. ಎರಡನ್ನೂ ಒಟ್ಟಿಗೆ ಒತ್ತಲು ಬರುವುದಿಲ್ಲ. ಒತ್ತಿದರೂ ಕಳಿಸಲು ಸಂಕೇತವೇ ಇಲ್ಲ: ಆ ಹನ್ನೊಂದು ಮಾತುಗಳ ಪಟ್ಟಿಯಲ್ಲಿ ಮುಂದೆ-ಎಡಕ್ಕೆ ಒಂದಿದೆ, ಹಿಂದೆ-ಬಲಕ್ಕೆ ಒಂದಿದೆ, ಮುಂದೆ-ಹಿಂದೆ ಎಂಬುದಿಲ್ಲ. ಹೇಳಬಾರದ ಮಾತಿಗೆ ಪದವನ್ನೇ ಇಡದೆ ಆ ಐಸಿ ತನ್ನ ಸಂಸಾರ ಕಾಯ್ದುಕೊಂಡಿತ್ತು. ಅದನ್ನು ಕಿತ್ತವನು, ಕಾವಲುಗಾರನನ್ನು ಬಿಡಿಸಿ ಬೀಗ ಹಾಕಲು ಮರೆತವನಂತಾಗಿದ್ದೆ.

ಮರುದಿನ ಕಚೇರಿ ಮುಗಿಸಿ ಎಸ್.ಪಿ. ರಸ್ತೆಗೆ ಹೋದೆ. ಟೌನ್‌ಹಾಲಿನ ಕಡೆಯಿಂದ ಒಳಹೊಕ್ಕರೆ ಕಂಪ್ಯೂಟರಿನ ಅಂಗಡಿಗಳನ್ನು ದಾಟಿದ ಮೇಲೆ, ಗೋಡೆ ತುಂಬ ಪ್ಲಾಸ್ಟಿಕ್ ಡ್ರಾಯರುಗಳಿರುವ, ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಾದ ಅಂಗಡಿಗಳು ಸಿಗುತ್ತವೆ. ಮೋಟಾರ್ ಡ್ರೈವರ್, ಅಂದರೆ ಸಿದ್ಧ ಎಚ್-ಬ್ರಿಜ್, ಎಂದ ಕೂಡಲೇ ಅಲ್ಲಿ ಮಾತಿಲ್ಲದೆ ಎಲ್298ಎನ್ ಎತ್ತಿಕೊಡುತ್ತಾರೆ. ಕಾಲೇಜಿನ ಪ್ರಾಜೆಕ್ಟಿಗೆಂದು ಬರುವ ಹುಡುಗರೆಲ್ಲ ಒಯ್ಯುವುದು ಅದನ್ನೇ. ಕೆಂಪು ಬೋರ್ಡು, ಬೆನ್ನಿಗೆ ಕಪ್ಪು ಹೀಟ್‌ಸಿಂಕು, ನೋಡಲು ಗಟ್ಟಿಮುಟ್ಟು. ತಂದು ಜೋಡಿಸಿದೆ. ಕಾರು ನಿಧಾನವಾಗಿ ಹೊರಟಿತು. ವೇಗದ ಪಟ್ಟಿಯನ್ನು ತುದಿಗೆ ಎಳೆದರೂ ನಿಧಾನವಾಗಿಯೇ ಹೋಯಿತು. ಅಡುಗೆಮನೆಯ ಹೊಸ್ತಿಲು ಬರಲಿ, ಜಮಖಾನದ ಅಂಚನ್ನು ಹತ್ತುವುದಕ್ಕೂ ಅದಕ್ಕೆ ತ್ರಾಣ ಉಳಿದಿರಲಿಲ್ಲ.

ಮೀಟರು ಹಿಡಿದಾಗ ಬ್ಯಾಟರಿಯಲ್ಲಿ 4.8 ವೋಲ್ಟ್, ಮೋಟಾರಿನ ಬಳಿ 2.7. ಎಲ್298 ಹಳೆಯ ಬಗೆಯ ಟ್ರಾನ್ಸಿಸ್ಟರುಗಳ ಎಚ್-ಬ್ರಿಜ್. ಒಂದು ಆಂಪಿಯರ್ ಹರಿಯುವಾಗ ಅದು ತನ್ನ ಪಾಲಿಗೆಂದು 1.8ರಿಂದ 3.2 ವೋಲ್ಟ್‌ವರೆಗೆ ನುಂಗುತ್ತದೆ. ಹನ್ನೆರಡು ವೋಲ್ಟಿನ ಯಂತ್ರದಲ್ಲಿ ಈ ನಷ್ಟ ಸಹಿಸಬಹುದು, ನಾಲ್ಕು ಸೆಲ್ಲಿನ ಆಟಿಕೆಯಲ್ಲಿ ಅದು ರೂಪಾಯಿಗೆ ನಲವತ್ತು ಪೈಸೆಗೂ ಮೀರಿದ ದಲ್ಲಾಳಿ. ಕಿರ್ದಿ ಬರೆಯುವ ನನ್ನಂಥವನು ಕೊಳ್ಳುವ ಮೊದಲೇ ನೋಡಬೇಕಾಗಿದ್ದ ಅಂಕಿ ಇದು. ಎರಡನೆಯ ಸಲ ಹೋಗಿ ಡಿಆರ್‌ವಿ8833 ಎಂಬ ಇನ್ನೊಂದು ಡ್ರೈವರ್ ತಂದೆ. ಉಗುರಿಗಿಂತ ತುಸು ದೊಡ್ಡದಾದ ಹಲಗೆ; ಒಳಗೆ ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರುಗಳು, ಹೋಗಿಬರುವ ದಾರಿಯ ಒಟ್ಟು ರೋಧ 0.36 ಓಮ್. ಅಂದರೆ ಒಂದು ಆಂಪಿಯರಿಗೆ ನಷ್ಟ ಮೂರನೆಯ ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇನ್ನೊಂದು ಗುಣ ನನಗೆ ಹೆಚ್ಚು ಹಿಡಿಸಿತು: ಅದರ ಎರಡೂ ಆಜ್ಞೆಗಳನ್ನು ಒಟ್ಟಿಗೆ ಏರಿಸಿದರೆ ಬ್ಯಾಟರಿ ಕೂಡಿಕೊಳ್ಳುವುದಿಲ್ಲ, ಮೋಟಾರಿಗೆ ಬ್ರೇಕು ಬೀಳುತ್ತದೆ. ಎರಡು ಹೆಬ್ಬೆರಳಿಗೆ ಅಲ್ಲಿ ಉತ್ತರ ಸಿಕ್ಕಿತು. ಆದರೂ ಪ್ರೋಗ್ರಾಮಿನಲ್ಲಿ, ಒಂದನ್ನು ಆರಿಸದೆ ಇನ್ನೊಂದನ್ನು ಏರಿಸಬಾರದೆಂದು ಬರೆದುಕೊಂಡೆ.

ಈಗ ಶಕ್ತಿ ಬಂತು, ಬುದ್ಧಿ ಹೋಯಿತು. ಕಾರು ಜೋರಾಗಿ ಹೊರಡುವಾಗಲೆಲ್ಲ ಫೋನಿನ ಸಂಪರ್ಕ ಕಡಿದು, ನಾಲ್ಕೈದು ಸೆಕೆಂಡ್ ನಿಂತು, ಏನೂ ಆಗದವರಂತೆ ಮತ್ತೆ ಸಿಗುತ್ತಿತ್ತು. ವೈ-ಫೈ ದುರ್ಬಲವೆಂದು ಒಂದು ವಾರ ಆಂಟೆನಾದ ದಿಕ್ಕು ಬದಲಿಸುತ್ತ ಕಾಲ ಕಳೆದೆ. ಕೊನೆಗೆ ಬೋರ್ಡಿನ ಮೇಲಿನ ಸಣ್ಣ ನೀಲಿ ದೀಪ, ಪ್ರತಿ ಸಲ ಸಂಪರ್ಕ ಕಡಿಯುವ ಮೊದಲು ಒಮ್ಮೆ ಮಿನುಗುವುದನ್ನು ಅಕ್ಕನ ಮಗನೇ ತೋರಿಸಿದ. ಅದು ಚಿಪ್ ಹೊಸದಾಗಿ ಎದ್ದಾಗ ಮಿನುಗುವ ದೀಪ. ಸಂಪರ್ಕ ಕಡಿಯುತ್ತಿರಲಿಲ್ಲ, ಮಿದುಳೇ ಮೂರ್ಛೆ ಹೋಗಿ ಎಚ್ಚರಗೊಳ್ಳುತ್ತಿತ್ತು. ನಿಂತ ಮೋಟಾರು ಹೊರಡುವ ಕ್ಷಣದಲ್ಲಿ ಎರಡು ಆಂಪಿಯರಿನಷ್ಟು ಎಳೆಯುತ್ತದೆ; ಸೆಲ್ಲಿನ ಡಬ್ಬಿಯ ಸ್ಪ್ರಿಂಗು, ಕೂದಲೆಳೆಯಂಥ ವೈರು ಎಲ್ಲವೂ ಸೇರಿ ಆ ಕ್ಷಣಕ್ಕೆ 4.8 ವೋಲ್ಟ್ ನಾಲ್ಕರ ಕೆಳಗೆ ಕುಸಿಯುತ್ತದೆ. ನೋಡ್‌ಎಂಸಿಯುವಿನಲ್ಲಿರುವ ರೆಗ್ಯುಲೇಟರು, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಭಾಗ, ಚಿಪ್ಪಿಗೆ 3.3 ವೋಲ್ಟ್ ಕೊಡಬೇಕಾದರೆ ಅದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಒಳಗೆ ಬರಬೇಕು. ಬರದಿದ್ದರೆ ಇಎಸ್‌ಪಿ ಕಣ್ಣು ಮುಚ್ಚುತ್ತದೆ. ಹಳೆಯ ಆರ್‌ಎಕ್ಸ್-2ಬಿಗೆ ಈ ಕುಸಿತ ಲೆಕ್ಕಕ್ಕೇ ಇರಲಿಲ್ಲ. ಅದು ಕೇಳುತ್ತಿದ್ದದ್ದು ಬಹಳ ಕಡಿಮೆ, ಮೂರು ವೋಲ್ಟಿಗೂ ಕೆಲಸ ಮಾಡುತ್ತಿತ್ತು.

ಮದ್ದು ಮೂರು ಕಡೆಯಿಂದ ಮಾಡಬೇಕಾಯಿತು. ಮಿದುಳಿನ ಬಾಗಿಲಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್5819 ಡಯೋಡು, ಅದರ ಹಿಂದೆ 1000 ಮೈಕ್ರೊಫ್ಯಾರಡಿನ ಕೆಪಾಸಿಟರು. ಮೋಟಾರು ಎಳೆದಾಗ ಡಯೋಡು ಬಾಗಿಲು ಮುಚ್ಚಿಕೊಳ್ಳುತ್ತದೆ, ಕೂಡಿಟ್ಟದ್ದರಲ್ಲಿ ಚಿಪ್ ಆ ಕ್ಷಣ ಕಳೆಯುತ್ತದೆ. ಪ್ರೋಗ್ರಾಮಿನಲ್ಲಿ, ಸೊನ್ನೆಯಿಂದ ಪೂರ್ತಿ ವೇಗಕ್ಕೆ ಒಮ್ಮೆಲೆ ಹಾರದೆ ಕಾಲು ಸೆಕೆಂಡಿನಲ್ಲಿ ಏರುವ ಮೆಟ್ಟಿಲು. ಮೂರನೆಯದು ಹೇಳಿಕೊಳ್ಳಲು ನಾಚಿಕೆಯ ಸಂಗತಿ. ಮೋಟಾರಿನ ಮೈಗೆ ಅಂಟಿಕೊಂಡು 104 ಎಂದು ಮುದ್ರಿಸಿದ, ಬೇಳೆಕಾಳಿನಷ್ಟು ದೊಡ್ಡ ಮೂರು ಕೆಪಾಸಿಟರುಗಳಿದ್ದವು. ಹೊಸ ವೈರು ಬೆಸೆಯಲು ಅಡ್ಡವೆಂದು ಅವನ್ನು ನಾನೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೆ. ಮೋಟಾರಿನ ಬ್ರಷ್ಷುಗಳು ಸಿಡಿಸುವ ಕಿಡಿಯ ಗದ್ದಲವನ್ನು ಹುಟ್ಟಿದಲ್ಲೇ ಮುಗಿಸುವ ಕೆಲಸ ಅವುಗಳದು: ಒಂದು ಎರಡು ಬ್ರಷ್ಷುಗಳ ನಡುವೆ, ಉಳಿದೆರಡು ಒಂದೊಂದು ಬ್ರಷ್ಷಿನಿಂದ ಲೋಹದ ಕವಚಕ್ಕೆ. ಒಂದೊಂದು ರೂಪಾಯಿಯ ಆ ಮೂರನ್ನು ಮತ್ತೆ ಕೊಂಡು, ಕವಚವನ್ನು ಉಜ್ಜಿ, ಇದ್ದ ಜಾಗದಲ್ಲೇ ಬೆಸೆದೆ. ಅಲ್ಲಿಗೆ ಮೂರ್ಛೆರೋಗ ನಿಂತಿತು. ಸ್ವಿಚ್ ಹಾಕಿದ ಕೂಡಲೇ ಕಾರು ಒಮ್ಮೆ ಮುಂದಕ್ಕೆ ನೆಗೆಯುವ ಚಾಳಿಯೊಂದು ಉಳಿದಿತ್ತು. ಇಎಸ್‌ಪಿಯ 16ನೆಯ ಕಾಲು ಏಳುವಾಗಲೇ ಏರಿದ ಸ್ಥಿತಿಯಲ್ಲಿರುತ್ತದೆಂದು ಗೊತ್ತಾದ ಮೇಲೆ, ಮೋಟಾರಿನ ಆಜ್ಞೆಗಳನ್ನು ತಣ್ಣಗೆ ಕೂತಿರುವ 4 ಮತ್ತು 5ಕ್ಕೆ ಬದಲಿಸಿದೆ.

ಕಡಲೆಕಾಯಿಯ ನಿಧಾನಕ್ಕೆ ಇದೂ ಸಾಲಲಿಲ್ಲ. ಮೋಟಾರಿನ ವೇಗವನ್ನು ಇಳಿಸುವುದು ವೋಲ್ಟೇಜು ಇಳಿಸಿ ಅಲ್ಲ, ಕರೆಂಟನ್ನು ಹಾಕಿ ತೆಗೆದು ಮಾಡುತ್ತ, ಹಾಕಿದ ಹೊತ್ತು ಎಷ್ಟು, ತೆಗೆದ ಹೊತ್ತು ಎಷ್ಟು ಎಂಬ ಪಾಲಿನಿಂದ. ಇಎಸ್‌ಪಿ ಇದನ್ನು ಸೆಕೆಂಡಿಗೆ ಸಾವಿರ ಸಲ ಮಾಡುತ್ತದೆ. ಆಗ ಮೋಟಾರು ಸೊಳ್ಳೆಯಂತೆ ಕುಂಯ್ಗುಡುತ್ತದೆ, ಪಾಲು ಮೂರನೆಯ ಒಂದಕ್ಕಿಂತ ಕೆಳಗಿಳಿದರೆ ಕುಂಯ್ಗುಡುವುದೊಂದೇ ಕೆಲಸ, ಚಕ್ರ ಅಲ್ಲಾಡುವುದಿಲ್ಲ. ನಿಂತ ಚಕ್ರವನ್ನು ಅಲ್ಲಾಡಿಸಲು ಬೇಕಾದ ಬಲ, ಅಲ್ಲಾಡುತ್ತಿರುವುದನ್ನು ಉರುಳಿಸಲು ಬೇಕಾದುದಕ್ಕಿಂತ ಹೆಚ್ಚು. ಎತ್ತಿನಗಾಡಿಗೆ ಹೆಗಲು ಕೊಟ್ಟವರೆಲ್ಲ ಬಲ್ಲ ಸತ್ಯ. ಹಾಗಾಗಿ ಹೊರಡುವಾಗ 30 ಮಿಲಿಸೆಕೆಂಡಿನ ಒಂದು ತಳ್ಳು ಕೊಟ್ಟು, ಅದು ಮುಗಿಯುತ್ತಲೇ ಕೆಳಗಿನ ಪಾಲಿಗೆ ಇಳಿಸಿದೆ. ಸಾವಿರದ ಬದಲು ಸೆಕೆಂಡಿಗೆ ನೂರು ಸಲವೆಂದು ಬದಲಿಸಿದೆ. ಸದ್ದು ಗೊರಕೆಯಂತಾಯಿತು, ತೆವಳುವುದು ಮಾತ್ರ ಬಹಳ ಹದವಾಯಿತು. ತಳ್ಳು ಹೆಚ್ಚಾದರೆ ಕಾಯಿ ಬೀಳುತ್ತದೆ, ಕಡಿಮೆಯಾದರೆ ಕಾರು ಹೊರಡುವುದಿಲ್ಲ. ಒಂದು ಸಂಜೆಯೆಲ್ಲ ನಾನು ಅಂಕಿ ಬದಲಿಸುವುದು, ಅವನು ಕಾಯಿ ಇಡುವುದು, ಬಿದ್ದದ್ದನ್ನು ಸುಲಿದು ತಿನ್ನುವುದು, ಹೀಗೆಯೇ ನಡೆಯಿತು. ಹೊಟ್ಟೆ ಕೆಟ್ಟದ್ದಕ್ಕೆ ಅಕ್ಕ ನನ್ನನ್ನೇ ಬೈದಳು.

ಚಕ್ರ ತಿರುಗಿಸುವುದಕ್ಕೆ ಎಸ್‌ಜಿ90 ಎಂಬ ಒಂಬತ್ತು ಗ್ರಾಮಿನ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು, ಹಾಕುವುದು ಎಲ್ಲರೂ ತುಳಿಯುವ ದಾರಿ. ನಾನೂ ತಂದಿದ್ದೆ. ಮುಂಭಾಗದ ಪ್ಲಾಸ್ಟಿಕ್ಕನ್ನು ಕೊರೆಯದೆ ಅದು ಕೂರುವುದಿಲ್ಲವೆಂದು ತಿಳಿದು ಕೈಬಿಟ್ಟೆ. ಕೈಬಿಟ್ಟ ಮೇಲೆ ಇದ್ದದ್ದನ್ನು ಸರಿಯಾಗಿ ನೋಡಿದೆ. ಅಲ್ಲಿರುವುದು ಬರೀ ಒಂದು ಮೋಟಾರು, ಹಲ್ಲಿನ ಪಟ್ಟಿ, ಚಿಮಟದಂತೆ ಬಾಗಿದ ಒಂದು ಸ್ಪ್ರಿಂಗು. ಕರೆಂಟು ಕೊಟ್ಟರೆ ಪಟ್ಟಿ ತುದಿಗೆ ಹೋಗಿ ತಾಗಿ ನಿಲ್ಲುತ್ತದೆ, ತೆಗೆದರೆ ಸ್ಪ್ರಿಂಗು ತಾನೇ ನಟ್ಟನಡುವಿಗೆ ತರುತ್ತದೆ. ನಡು ಎಲ್ಲಿದೆಯೆಂದು ಯಾವ ಚಿಪ್ಪಿಗೂ ಗೊತ್ತಿರಬೇಕಾಗಿಲ್ಲ. ಒಂದೇ ಕೊರತೆ: ಗುಂಡಿ ಒತ್ತಿಹಿಡಿದಷ್ಟು ಹೊತ್ತೂ ತಿರುಗಲಾಗದ ಮೋಟಾರು ಪೂರ್ತಿ ಕರೆಂಟು ಕುಡಿಯುತ್ತ ಬಿಸಿಯಾಗುತ್ತದೆ. ಅದಕ್ಕೆ ಮೊದಲ 100 ಮಿಲಿಸೆಕೆಂಡ್ ಪೂರ್ತಿ ಕೊಟ್ಟು, ಆಮೇಲೆ ಹಿಡಿದಿಡಲು ಸಾಕಾಗುವಷ್ಟು, ಅಂದರೆ ಶೇಕಡಾ 40ಕ್ಕೆ ಇಳಿಸಿದೆ. ಇಡೀ ಕೆಲಸದಲ್ಲಿ ಹಳೆಯದನ್ನು ಕೀಳದೆ ಉತ್ತಮಗೊಳಿಸಿದ ಭಾಗವೆಂದರೆ ಇದೊಂದೇ, ತೊಂದರೆ ಕೊಡದೆ ನಡೆದದ್ದೂ ಇದೊಂದೇ.

ಅಪಘಾತ ನಡೆದದ್ದು ಮುಂದಿನ ಶನಿವಾರ. ಜಗಲಿಯ ಮೇಲೆ ಕಾರು ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಫೋನಿಗೆ ಕರೆ ಬಂತು. ಪರದೆ ತುಂಬ ಕರೆ ಮಾಡಿದವರ ಹೆಸರು ಹರಡಿಕೊಂಡಿತು, ಗುಂಡಿಯಿದ್ದ ಪುಟ ಅದರ ಹಿಂದೆ ಸರಿಯಿತು. ಹುಡುಗ ಬೆರಳು ತೆಗೆದ. ತೆಗೆದನೆಂಬ ಸುದ್ದಿ ಕಾರಿಗೆ ತಲುಪಲೇ ಇಲ್ಲ. ಕೊನೆಯದಾಗಿ ಕೇಳಿದ್ದು "ಮುಂದೆ ಹೋಗು" ಎಂಬ ಮಾತಾದ್ದರಿಂದ ಅದು ವಿಧೇಯತೆಯಿಂದ ಮುಂದೆ ಹೋಗುತ್ತಲೇ ಇತ್ತು. ಮೂರು ಮೆಟ್ಟಿಲು ಉರುಳಿ, ಮುಂದಿನ ಬಂಪರು ಒಂದು ಕಡೆ, ಸೆಲ್ಲುಗಳು ನಾಲ್ಕು ಕಡೆ ಬಿದ್ದವು. ಹಳೆಯ ರಿಮೋಟಿನಲ್ಲಿ ಇದು ಆಗುತ್ತಿರಲಿಲ್ಲ. ಮುಂದಕ್ಕೆ ಒತ್ತಿ ಹಿಡಿದಷ್ಟು ಹೊತ್ತೂ ಅದು ಹತ್ತು ಮಿಡಿತದ ಮಾತನ್ನು ಬಿಡದೆ ಜಪಿಸುತ್ತದೆ, ಜಪ ನಿಂತರೆ ಕಾರು ನಿಲ್ಲುತ್ತದೆ. ರಿಮೋಟಿನ ಸೆಲ್ಲನ್ನೇ ನಡುವೆ ಕಿತ್ತರೂ ಕಾರು ನಿಂತದ್ದನ್ನು ಮೊದಲ ದಿನವೇ ನೋಡಿದ್ದೆ, ನೋಡಿಯೂ ಅದು ಒಂದು ಏರ್ಪಾಡೆಂದು ತಿಳಿದಿರಲಿಲ್ಲ. ನಾನು ಬರೆದದ್ದರಲ್ಲಿ "ಹೋಗು" ಒಂದು ಸಲ, "ನಿಲ್ಲು" ಒಂದು ಸಲ. ಎರಡನೆಯದು ದಾರಿಯಲ್ಲಿ ಕಳೆದುಹೋದರೆ ಕೇಳುವವರಿಲ್ಲ. ಅಂದು ರಾತ್ರಿ ಕೂತು, ಫೋನು 50 ಮಿಲಿಸೆಕೆಂಡಿಗೊಮ್ಮೆ ಆಜ್ಞೆಯನ್ನು ಮತ್ತೆ ಮತ್ತೆ ಕಳಿಸುವಂತೆ, 250 ಮಿಲಿಸೆಕೆಂಡ್ ಏನೂ ಬಾರದಿದ್ದರೆ ಕಾರು ತಾನೇ ನಿಲ್ಲುವಂತೆ ತಿದ್ದಿ ಬರೆದೆ. ಬರೆದು ಮುಗಿಸಿದ ಮೇಲೆ ತಿಳಿಯಿತು, ನಾನು ಬರೆದದ್ದು ಕಿತ್ತಿಟ್ಟ ಐಸಿಯ ನಡವಳಿಕೆಯನ್ನೇ ಎಂದು.

ಇಷ್ಟಾದರೂ ಹುಡುಗನಿಗೆ ಫೋನು ಹಿಡಿಸಲಿಲ್ಲ. ಗಾಜಿನ ಮೇಲೆ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣು ಕಾರನ್ನು ಬಿಟ್ಟು ಫೋನಿಗೆ ಬರುತ್ತದೆ, ಅಷ್ಟರಲ್ಲಿ ಕಾರು ಸೋಫಾದ ಕಾಲಿಗೆ ಗುದ್ದಿರುತ್ತದೆ. "ಹಳೇ ರಿಮೋಟೇ ಚೆನ್ನಾಗಿತ್ತು" ಎಂದ. ಮಕ್ಕಳ ಮಾತಿನಲ್ಲಿ ದಾಕ್ಷಿಣ್ಯವಿರುವುದಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ನೆನಪಾಗಿ, ಹಳೆಯ ರಿಮೋಟಿನ ಕವಚವನ್ನೇ ಎತ್ತಿಕೊಂಡೆ. ಅದರ ಬೋರ್ಡನ್ನು ಜೋಪಾನವಾಗಿ ತೆಗೆದಿಟ್ಟು, ಗುಂಡಿಗಳ ರಬ್ಬರನ್ನು ಉಳಿಸಿಕೊಂಡು, ಒಳಗೆ ಇನ್ನೊಂದು ಇಎಸ್‌ಪಿ8266 ಇರುವ ಡಿ1 ಮಿನಿ ಬೋರ್ಡು ಕೂರಿಸಿ, ಪಕ್ಕದಲ್ಲಿ ಹಳೆಯ ರೇಡಿಯೊದ ಸದ್ದಿನ ತಿರುಪಿನಂಥದೊಂದನ್ನು ವೇಗಕ್ಕೆಂದು ಇಟ್ಟೆ. ಎರಡು ಇಎಸ್‌ಪಿಗಳು ವೈ-ಫೈ ಸಂಪರ್ಕದ ಸೋಗಿಲ್ಲದೆ ನೇರವಾಗಿ ಮಾತಾಡಿಕೊಳ್ಳಲು ಇಎಸ್‌ಪಿ-ನೌ ಎಂಬ ವಿಧಾನವಿದೆ. ಒಂದು ಸಲಕ್ಕೆ 250 ಬೈಟ್ ಕಳಿಸಬಹುದು, ನನಗೆ ಬೇಕಾದದ್ದು ನಾಲ್ಕು. ಸ್ವಿಚ್ ಹಾಕಿದ ಮರುಕ್ಷಣಕ್ಕೇ ಕಾರು ಮಾತು ಕೇಳುವಂತಾಯಿತು.

ಶಕ್ತಿಗೆ, ಸೆಲ್ಲಿನ ಗಾತ್ರದ್ದೇ ಆದ 14500 ಎಂಬ ಲಿಥಿಯಂ ಕೋಶವೊಂದನ್ನು ಹಾಕಿದೆ. ರಾತ್ರಿ ಎಂಟಕ್ಕೆ ಆಟ ಮುಗಿಯಿತು, ಬೆಳಿಗ್ಗೆ ಎಂಟಕ್ಕೆ ರಿಮೋಟು ಸತ್ತಿತ್ತು. ಇಎಸ್‌ಪಿ ಸುಮ್ಮನೆ ಕೂತಿದ್ದರೂ 70 ಮಿಲಿಆಂಪಿಯರಿನಷ್ಟು ಕುಡಿಯುತ್ತದೆ, ನನ್ನ ಕೋಶದಲ್ಲಿದ್ದದ್ದು 800 ಮಿಲಿಆಂಪಿಯರ್-ಗಂಟೆ. ಭಾಗಾಕಾರ ಮಾಡಿದರೆ ಹನ್ನೊಂದು ಗಂಟೆ ಚಿಲ್ಲರೆ. ಕೋಶದೊಳಗೇ ರಕ್ಷಣೆಯ ಸರ್ಕ್ಯೂಟು ಇದ್ದದ್ದರಿಂದ ಅದು ಕೆಡದೆ ಉಳಿಯಿತು. ಹಳೆಯ ರಿಮೋಟಿಗೆ ಸ್ವಿಚ್ಚೇ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಟಿಎಕ್ಸ್-2ಬಿಯ ಹತ್ತನೆಯ ಕಾಲಿನ ಕೆಲಸವೇ ಅದು: ಗುಂಡಿ ಒತ್ತಿದಾಗ ಪ್ರಸಾರದ ಭಾಗಕ್ಕೆ ಕರೆಂಟು ಬಿಡುವುದು, ಬಿಟ್ಟಾಗ ನಿಲ್ಲಿಸಿ, ಐಸಿ ತಾನೂ ಮಲಗುವುದು. ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಗಾಢ ನಿದ್ರೆಗೆ ಹೋಗುವಂತೆ ನಾನೂ ಪ್ರೋಗ್ರಾಮಿನಲ್ಲಿ ಬರೆದೆ, ಎಬ್ಬಿಸಲೆಂದು ರೀಸೆಟ್ ಕಾಲಿಗೆ ಒಂದು ಗುಂಡಿ ಜೋಡಿಸಿದೆ. ಹುಡುಗ ಆ ಗುಂಡಿಗೆ ಸುಪ್ರಭಾತ ಎಂದು ಹೆಸರಿಟ್ಟಿದ್ದಾನೆ.

ಕಿರ್ದಿಯಲ್ಲಿ ಕಾರಿನ ಖಾತೆಗೆ ಇದುವರೆಗೆ 1,640 ರೂಪಾಯಿ ಬಿದ್ದಿದೆ, ಕಾರಿನ ಬೆಲೆ ಸೇರಿಸದೆ. ಕಡಲೆಕಾಯಿ ಈಗ ಅಡುಗೆಮನೆಯ ಹೊಸ್ತಿಲವರೆಗೆ ಬೀಳದೆ ತಲುಪುತ್ತದೆ, ಅಲ್ಲಿಂದ ಅಮ್ಮ ಬಗ್ಗಿ ಎತ್ತಿಕೊಳ್ಳುತ್ತಾಳೆ.

ಕಳೆದ ಭಾನುವಾರ ಹಸಿರು ಬೋರ್ಡನ್ನು ಡಬ್ಬಿಯಿಂದ ಹೊರತೆಗೆದೆ. ಸುಟ್ಟಿದ್ದ ನಾಲ್ಕು ಟ್ರಾನ್ಸಿಸ್ಟರುಗಳನ್ನು ಬದಲಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕಿತ್ತಿದ್ದ ಐಸಿಯನ್ನು ಮತ್ತೆ ಅದರ ಜಾಗದಲ್ಲಿ ಬೆಸೆದೆ. ಬೆಸೆಯುವಾಗ ಹನ್ನೆರಡನೆಯ ಕಾಲಿನ ಮೇಲೆ ಗಮನ ಹೋಯಿತು. ಬೋರ್ಡಿನಲ್ಲಿ ಅದಕ್ಕೆ ಯಾವ ದಾರಿಯೂ ಇಲ್ಲ, ತಯಾರಕರು ಅದನ್ನು ಖಾಲಿ ಬಿಟ್ಟಿದ್ದಾರೆ. ಅದರ ಹೆಸರು ಟರ್ಬೊ. ಹನ್ನೊಂದು ಮಾತುಗಳಲ್ಲಿ ಕೆಲವು ಅದಕ್ಕೆ ಸೇರಿದವು: ಬರೀ ಟರ್ಬೊಗೆ ಇಪ್ಪತ್ತೆರಡು ಮಿಡಿತ, ಮುಂದಕ್ಕೂ ಟರ್ಬೊಗೂ ಸೇರಿ ಹದಿನಾರು, ಹಾಗೆ. ಅಂದರೆ ಎರಡು ವೇಗದ ಏರ್ಪಾಡು ಈ ಜೋಡಿಯೊಳಗೆ ಮೊದಲಿನಿಂದಲೂ ಇತ್ತು; ಕಾರಿನ ಕಡೆ ಒಂದು ಟ್ರಾನ್ಸಿಸ್ಟರು ಮತ್ತು ರೆಸಿಸ್ಟರು, ರಿಮೋಟಿನ ಕಡೆ ಒಂದು ಗುಂಡಿ ಇದ್ದಿದ್ದರೆ ಸಾಕಿತ್ತು. ಹನ್ನೆರಡನೆಯ ಕಾಲಿಗೆ ರೆಸಿಸ್ಟರಿನ ಮೂಲಕ ಒಂದು ಕೆಂಪು ಎಲ್‌ಇಡಿ ಬೆಸೆದು, ರಿಮೋಟಿನ ಬೋರ್ಡಿಗೆ ಎರಡು ಸೆಲ್ಲು ಕೊಟ್ಟು, ಟಿಎಕ್ಸ್-2ಬಿಯ ಆರನೆಯ ಕಾಲನ್ನು ಒಂದು ತುಂಡು ವೈರಿನಿಂದ ಸೆಲ್ಲಿನ ಋಣ ತುದಿಯ ಗೆರೆಗೆ ಮುಟ್ಟಿಸಿದೆ. ಮೇಜಿನ ಆ ತುದಿಯಲ್ಲಿ ದೀಪ ಹತ್ತಿತು. ವೈರು ತೆಗೆದೆ, ಆರಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹುಡುಗ, "ಇದೇನು ಮಾಮಾ?" ಎಂದ. ವೈರನ್ನು ಅವನ ಕೈಗೆ ಕೊಟ್ಟು, ಎಲ್ಲಿ ಮುಟ್ಟಿಸಬೇಕೆಂದು ತೋರಿಸಿದೆ.